ಬೆಳಗುವ ಊರಿನ ನಡುವೆ ಒಂದು ತಾಸಿನ ಬೋಟು: ಭೀಮಾ ಹೊಳೆಯಲ್ಲಿ ಯಾಕಿಲ್ಲ?

ರಜೆ ಮುಗಿಸಿ ಗೋವಾದಿಂದ ಬಂದವರ ಮೊಬೈಲ್‌ನಲ್ಲಿ ಒಂದು ವಿಡಿಯೊ ಇದ್ದೇ ಇರುತ್ತದೆ. ಪಣಜಿಯ ಮಾಂಡೋವಿ ನದಿ, ಎರಡು ಅಂತಸ್ತಿನ ಬೋಟು, ಮೇಲೆ ಹಾಡು ಕುಣಿತ, ಸುತ್ತ ಸೇತುವೆಯ ದೀಪ, ಕ್ಯಾಸಿನೊ ಹಡಗುಗಳ ಬಣ್ಣಬಣ್ಣದ ಬೆಳಕು. ಆ ವಿಡಿಯೊ ಮುಗಿದ ಮೇಲೆ ಕಲಬುರಗಿಯಲ್ಲಿ ಮುಂದಿನ ಮಾತು ಏನು ಬರುತ್ತದೆ ಅಂತ ನಿಮಗೂ ಗೊತ್ತು. "ನಮ್ಮ ಭೀಮಾ ಹೊಳ್ಯಾಗ ಹಿಂಗ್ಯಾಕ್ ಮಾಡಂಗಿಲ್ರಿ?" ಆಮೇಲೆ ಒಬ್ಬರು ಸರ್ಕಾರವನ್ನು ಬೈಯುತ್ತಾರೆ, ಇನ್ನೊಬ್ಬರು ಮಹಾರಾಷ್ಟ್ರವನ್ನು ಬೈಯುತ್ತಾರೆ, ಅಷ್ಟರಲ್ಲಿ ಚಹಾ ಮುಗಿಯುತ್ತದೆ.

ಪ್ರಶ್ನೆ ಮಾತ್ರ ಒಳ್ಳೆಯದು. ಬೈಗುಳ ಪಕ್ಕಕ್ಕಿಟ್ಟು ನೋಡೋಣ.

ದಂಡೆ ಮೇಲೆ ದೀಪ ಹಾಕೋದು ಸುಲಭ. ಬೋಟು ದುಡ್ಡು ಕೊಟ್ಟರೆ ಸಿಗುತ್ತದೆ. ಕಷ್ಟದ ಕೆಲಸ ಬೇರೆಯೇ ಇದೆ: ಊರಿನ ನಡುವಿನ ಹೊಳೆಯಲ್ಲಿ ವರ್ಷದ ಹೆಚ್ಚಿನ ಸಂಜೆಗಳಲ್ಲಿ ನೀರು ಹೆಚ್ಚುಕಡಿಮೆ ಅದೇ ಎತ್ತರದಲ್ಲಿ ಇರಬೇಕು. ಇಳಿದರೆ ಬೋಟಿನ ತಳ ಬಂಡೆಗೆ ತಾಗುತ್ತದೆ. ಏರಿದರೆ ಬೋಟಿನ ಚಾವಣಿ ಸೇತುವೆಗೆ ಬಡಿಯುತ್ತದೆ. ಪ್ರವಾಸಿಗರು ಹತ್ತುವ ಕಟ್ಟೆ ಒಂದು ದಿನ ನೀರಿನೊಳಗೆ, ಇನ್ನೊಂದು ದಿನ ನೀರಿನಿಂದ ಎರಡಾಳು ಮೇಲೆ ಇದ್ದರೆ ಅಜ್ಜಿಯನ್ನು, ಮಕ್ಕಳನ್ನು ಹತ್ತಿಸೋದು ಹೇಗೆ? ಜಗತ್ತಿನಲ್ಲಿ ಹೆಸರು ಮಾಡಿದ ಸಂಜೆಯ ಬೋಟ್ ಸವಾರಿಗಳೆಲ್ಲ ಮೊದಲು ಈ ನೀರಿನ ಲೆಕ್ಕ ಬಗೆಹರಿಸಿಕೊಂಡಿವೆ. ದೀಪ ಬಂದಿದ್ದು ಆಮೇಲೆ.

ಕೆಲವು ಊರುಗಳಿಗೆ ಈ ಕೆಲಸವನ್ನು ಸಮುದ್ರ ಬಿಟ್ಟಿಯಾಗಿ ಮಾಡಿಕೊಡುತ್ತದೆ. ಪಣಜಿಯ ಮಾಂಡೋವಿ ಅಂದರೆ ಬೇರೆ ಯಾವುದೂ ಅಲ್ಲ, ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ. ಆದರೆ ಪಣಜಿಯ ಹತ್ತಿರ ಬೋಟು ತೇಲೋದು ಬರೀ ಮಹದಾಯಿಯ ನೀರಿನ ಮೇಲಲ್ಲ. ಅದು ಅಳಿವೆ, ಅಂದರೆ ನದಿ ಸಮುದ್ರಕ್ಕೆ ಸೇರುವ ಜಾಗ. ಬೇಸಿಗೆಯಲ್ಲಿ ಮೇಲಿನಿಂದ ಬರುವ ನೀರು ಸಣ್ಣಗಾದರೂ ಕೆಳಗಿನಿಂದ ಅರಬ್ಬಿ ಸಮುದ್ರ ಒಳಗೆ ನುಗ್ಗಿ ನದಿಯನ್ನು ತುಂಬಿಸಿಡುತ್ತದೆ. ಏಪ್ರಿಲ್ ಆಗಲಿ ಮೇ ಆಗಲಿ ಬೋಟು ನಿಲ್ಲೋದಿಲ್ಲ. ಬ್ಯಾಂಕಾಕ್‌ನ ಚಾವೊ ಫ್ರಾಯಾ, ಶಾಂಘೈನ ಹುವಾಂಗ್‌ಪು, ಲಂಡನ್ನಿನ ಥೇಮ್ಸ್, ಎಲ್ಲವೂ ಇದೇ ಜಾತಿ. ಎಲ್ಲದಕ್ಕೂ ಬೆನ್ನಿಗೆ ಸಮುದ್ರ ಇದೆ.

ಸಮುದ್ರದ ಬಿಟ್ಟಿ ಕೆಲಸಕ್ಕೂ ಒಂದು ತೊಂದರೆ ಇದೆ ಅನ್ನಿ. ಉಬ್ಬರ ಇಳಿತ. ಲಂಡನ್‌ನಲ್ಲಿ ಥೇಮ್ಸ್ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ, ವ್ಯತ್ಯಾಸ ಕೆಲವೊಮ್ಮೆ 7 ಮೀಟರ್ ಮುಟ್ಟುತ್ತದೆ. ಎರಡು ಅಂತಸ್ತಿನ ಮನೆಯಷ್ಟು! ಅದಕ್ಕೇ ಅಲ್ಲಿ ಬೋಟ್ ಹತ್ತುವ ಕಟ್ಟೆಗಳೇ ತೇಲುತ್ತವೆ. ನೀರು ಏರಿದಾಗ ಕಟ್ಟೆಯೂ ಏರುತ್ತದೆ, ಇಳಿದಾಗ ಇಳಿಯುತ್ತದೆ. ದಡಕ್ಕೂ ಕಟ್ಟೆಗೂ ನಡುವೆ ಕೀಲು ಹಾಕಿದ ಕಬ್ಬಿಣದ ದಾರಿ. ಬೆಳಿಗ್ಗೆ ಇಳಿಜಾರಾಗಿದ್ದ ದಾರಿ ಸಂಜೆ ಮಟ್ಟಸವಾಗಿರುತ್ತದೆ. ಹುಡುಕಿದರೆ ಉಪಾಯ ಇದ್ದೇ ಇದೆ, ಆದರೆ ನೀರು ಇರಬೇಕು, ಅಲ್ವಾ?

ಸಮುದ್ರವಿಲ್ಲದ ಊರು ಏನು ಮಾಡಬೇಕು? ಅಹಮದಾಬಾದ್ ನೋಡಿ. ಇದು ನಮಗೆ ಹತ್ತಿರದ ಉದಾಹರಣೆ, ಯಾಕೆಂದರೆ ಸಾಬರ್ಮತಿಯೂ ಮಳೆಗಾಲದ ಹೊಳೆ. ಮಳೆ ಮುಗಿದ ಮೇಲೆ ಅದರ ಪಾತ್ರದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು, ಸರ್ಕಸ್ ಡೇರೆ ಹಾಕುತ್ತಿದ್ದರು, ಭಾನುವಾರದ ಗುಜರಿ ಸಂತೆ ಕೂಡ ಅಲ್ಲೇ. ಊರಿನ ಕೆಳಭಾಗದಲ್ಲಿ ವಾಸಣಾ ಬ್ಯಾರೇಜ್ 1976ರಲ್ಲೇ ಬಂತು. ಆದರೆ ತಡೆಯಲು ನೀರು ಬೇಕಲ್ಲ? ಅದು ಬಂದಿದ್ದು ನರ್ಮದೆಯಿಂದ. ಸರ್ದಾರ್ ಸರೋವರದ ದೊಡ್ಡ ಕಾಲುವೆ ಊರಿನ ಮೇಲ್ಭಾಗದಲ್ಲಿ ಸಾಬರ್ಮತಿಯನ್ನು ದಾಟಿ ಹೋಗುತ್ತದೆ. ಅಲ್ಲಿಂದ ನೀರು ಬಿಟ್ಟು, ವಾಸಣಾದಲ್ಲಿ ಹಿಡಿದು, ಎರಡೂ ಕಡೆ ಕಾಂಕ್ರೀಟ್ ಗೋಡೆ ಕಟ್ಟಿ, ನದಿಯ ಅಗಲವನ್ನು 263 ಮೀಟರ್‌ಗೆ ಒಗ್ಗಿಸಿದರು. 2012ರಲ್ಲಿ ದಂಡೆಯ ಅಡ್ಡಾಟದ ದಾರಿ ಜನರಿಗೆ ತೆರೆಯಿತು, 2023ರಲ್ಲಿ ಊಟದ ಹಡಗು ಶುರುವಾಯಿತು. ಸಂಜೆ ಅಟಲ್ ಸೇತುವೆಯ ಬಣ್ಣದ ದೀಪ ನೀರಲ್ಲಿ ಕುಣಿಯೋದನ್ನು ನೋಡುವಾಗ ನೀವು ನೋಡುತ್ತಿರೋದು ಉದ್ದನೆಯ ಒಂದು ಕೆರೆಯನ್ನು, ಅದರೊಳಗೆ ಇರೋದು ಬಹುಪಾಲು ನರ್ಮದೆಯ ನೀರು. ಅದು ಸರಿಯೋ ತಪ್ಪೋ ಅಂತ ಗುಜರಾತಿನಲ್ಲೇ ಇವತ್ತಿಗೂ ಜಗಳ ಇದೆ. ನನ್ನ ಮಟ್ಟಿಗೆ, ನೋಡೋಕೆ ಚಂದ, ಹೊಳೆ ಅನ್ನೋಕೆ ಸ್ವಲ್ಪ ಸಂಕೋಚ.

ಈಗ ಪ್ಯಾರಿಸ್‌ಗೆ ಬರೋಣ. ಇಲ್ಲಿನ ಲೆಕ್ಕ ನೋಡಿದರೆ ಕಲಬುರಗಿಯವರಿಗೆ ನಿಜಕ್ಕೂ ಆಶ್ಚರ್ಯ ಆಗಬೇಕು.

ಪ್ಯಾರಿಸ್ ನಡುವೆ ಹರಿಯುವ ಸೇನ್ ನದಿಯ ಒಟ್ಟು ಉದ್ದ 777 ಕಿ.ಮೀ. ನಮ್ಮ ಭೀಮಾ 861 ಕಿ.ಮೀ. ಎರಡೂ ನದಿಗಳು ಮಳೆ ನೀರು ಕೂಡಿಸಿಕೊಳ್ಳುವ ಪ್ರದೇಶದ ವಿಸ್ತಾರವೂ ಸುಮಾರು ಒಂದೇ, 70 ಸಾವಿರ ಚದರ ಕಿ.ಮೀ. ಮೇಲೆ. ಮಳೆಯ ವಿಷಯಕ್ಕೆ ಬಂದರೆ ಪ್ಯಾರಿಸ್‌ನಲ್ಲಿ ವರ್ಷಕ್ಕೆ ಬೀಳೋದು ಸುಮಾರು 640 ಮಿ.ಮೀ., ಕಲಬುರಗಿಯಲ್ಲಿ ಸರಾಸರಿ 750ರ ಆಸುಪಾಸು. ಹೌದು, ಬರದ ಜಿಲ್ಲೆ ಅಂತ ನಾವೇ ಕರೆದುಕೊಳ್ಳುವ ಊರಿಗೆ ಪ್ಯಾರಿಸ್‌ಗಿಂತ ಜಾಸ್ತಿ ಮಳೆ. ಇನ್ನೂ ಇದೆ. ಪ್ಯಾರಿಸ್ ಕಾಯೋದಕ್ಕೆ ಅಂತ ಸೇನ್ ಮತ್ತು ಅದರ ಉಪನದಿಗಳಿಗೆ ನಾಲ್ಕು ದೊಡ್ಡ ಜಲಾಶಯ ಕಟ್ಟಿದ್ದಾರೆ. ನಾಲ್ಕೂ ಸೇರಿ ಹಿಡಿಯೋದು ಸುಮಾರು 80 ಕೋಟಿ ಘನ ಮೀಟರ್, ನಮ್ಮ ಲೆಕ್ಕದಲ್ಲಿ 28 ಟಿಎಂಸಿ. ಮಹಾರಾಷ್ಟ್ರದಲ್ಲಿ ಭೀಮಾಕ್ಕೆ ಅಡ್ಡಲಾಗಿರುವ ಉಜನಿ ಅಣೆಕಟ್ಟು ಒಂದೇ ಒಟ್ಟು 117 ಟಿಎಂಸಿ ಹಿಡಿಯುತ್ತದೆ.

ಹಾಗಾದರೆ ವ್ಯತ್ಯಾಸ ಎಲ್ಲಿದೆ?

ಮೊದಲನೆಯದು, ಮಳೆ ಬೀಳುವ ರೀತಿ. ಪ್ಯಾರಿಸ್‌ನಲ್ಲಿ ಎಲ್ಲ ತಿಂಗಳೂ ಜಿಟಿಜಿಟಿ, ಹೆಚ್ಚುಕಡಿಮೆ ಸಮನಾಗಿ ಬೀಳುತ್ತದೆ. ನಮ್ಮಲ್ಲಿ ಜೂನ್‌ನಿಂದ ಅಕ್ಟೋಬರ್ ಒಳಗೆ ಬಹುಪಾಲು ಮುಗಿಯುತ್ತದೆ, ಅದೂ ಹುಯ್ದರೆ ಒಂದೇ ಸಮ ಹುಯ್ಯುತ್ತದೆ, ಇಲ್ಲದಿದ್ದರೆ ಮೂರು ವಾರ ಮೋಡ ನೋಡಿಕೊಂಡು ಕೂರಬೇಕು. ಆಮೇಲೆ ಬಿಸಿಲು. ನಮ್ಮ ಮೇ ತಿಂಗಳು ಎಷ್ಟು ನೀರನ್ನು ಆವಿ ಮಾಡುತ್ತದೆ ಅನ್ನೋದನ್ನು ಇಲ್ಲಿನವರಿಗೆ ಹೇಳಬೇಕಿಲ್ಲ.

ಎರಡನೆಯದು, ಅಣೆಕಟ್ಟಿನ ಕೆಲಸ ಏನು ಅನ್ನೋದು. ಪ್ಯಾರಿಸ್ ಮೇಲಿನ ಜಲಾಶಯಗಳು ಚಳಿಗಾಲದಲ್ಲಿ ಪ್ರವಾಹದ ನೀರು ಹಿಡಿದು, ಬೇಸಿಗೆ ಮತ್ತು ಅದರ ನಂತರದ ತಿಂಗಳುಗಳಲ್ಲಿ ಅದನ್ನು ವಾಪಸ್ ನದಿಗೇ ಬಿಡುತ್ತವೆ. ಉಜನಿ ಕಟ್ಟಿದ್ದು ನೀರಾವರಿಗೆ, ಕುಡಿಯುವ ನೀರಿಗೆ. ಹಿಡಿದ ನೀರು ಬಹುಪಾಲು ಹೊಲಕ್ಕೆ, ಅದರಲ್ಲೂ ಕಬ್ಬಿಗೆ ಹೋಗುತ್ತದೆ. ಹೊಳೆಗೆ ವಾಪಸ್ ಬರೋದು ಕಡಿಮೆ. ಅದಕ್ಕೇ ಬೇಸಿಗೆ ಬಂದರೆ ಅಫಜಲಪುರದ ಕಡೆ ಉಜನಿಯಿಂದ ಭೀಮಾಕ್ಕೆ ನೀರು ಬಿಡಿಸಿ ಅಂತ ಧರಣಿ ಶುರುವಾಗೋದು. ಸೊನ್ನ, ಗಾಣಗಾಪುರ, ಘತ್ತರಗಿ, ಸರಡಗಿ, ಗುರುಸಣಗಿ ಹೀಗೆ ಹೊಳೆಯುದ್ದಕ್ಕೂ ಬ್ಯಾರೇಜ್‌ಗಳು ಇವೆ ನಿಜ. ಮಳೆಗಾಲ ಮುಗಿದು ಗೇಟು ಹಾಕಿದ ಮೇಲೆ ಅವುಗಳ ಹಿಂದೆ ಚಂದದ ನೀರೂ ನಿಲ್ಲುತ್ತದೆ. ಆದರೆ ಅದು ಕುಡಿಯೋಕೆ ಮತ್ತು ಹೊಲಕ್ಕೆ ಇಟ್ಟ ನೀರು. ಕಲಬುರಗಿ ನಗರವೇ ಸರಡಗಿಯ ನೀರು ಕುಡಿಯುತ್ತದೆ. ವಾರವಾರಕ್ಕೂ ಮಟ್ಟ ಇಳಿಯುತ್ತಾ ಹೋಗಿ ಬೇಸಿಗೆಯಲ್ಲಿ ಬಂಡೆ ಎದ್ದು ಕಾಣುತ್ತದೆ.

ಮೂರನೆಯದು ಪ್ಯಾರಿಸ್‌ನ ಅಸಲಿ ಕೈಚಳಕ. ಊರು ದಾಟಿದ ಕೂಡಲೇ ಸ್ಯುರೇನ್ ಅನ್ನುವ ಕಡೆ ನದಿಗೆ ಅಡ್ಡ ಗೇಟುಗಳಿವೆ. ಅವು ನೀರು ಕೂಡಿಡೋದಕ್ಕಲ್ಲ, ಬರೀ ಮಟ್ಟ ಕಾಯೋದಕ್ಕೆ. ಮೇಲಿನಿಂದ ಎಷ್ಟು ಬಂತೋ ಅಷ್ಟನ್ನು ಕೆಳಕ್ಕೆ ಬಿಡುತ್ತಾ ಊರೊಳಗಿನ ನೀರನ್ನು ಒಂದೇ ಎತ್ತರದಲ್ಲಿ ಇಡುತ್ತವೆ. ಪಕ್ಕದಲ್ಲಿ ಹಡಗು ಏರಿ ಇಳಿಯೋಕೆ ಲಾಕ್ ಇದೆ. ಹಡಗು ಒಳಗೆ ಹೋದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ನೀರು ತುಂಬಿಸಿ ಅಥವಾ ಖಾಲಿ ಮಾಡಿ, ಮುಂದಿನ ಬಾಗಿಲು ತೆಗೆಯುತ್ತಾರೆ. ಹೀಗಾಗಿ ಪ್ಯಾರಿಸ್ ಒಳಗೆ ಸೇನ್ ಸುಮಾರು 13 ಕಿ.ಮೀ. ಶಾಂತವಾಗಿ ಸಾಗುತ್ತದೆ, ಮೇಲೆ 37 ಸೇತುವೆ, ಕೆಳಗೆ ಅದಕ್ಕೆ ತಕ್ಕಂತೆ ತಗ್ಗಾಗಿ, ಚಪ್ಪಟೆಯಾಗಿ ಕಟ್ಟಿದ ಗಾಜಿನ ಚಾವಣಿಯ ಬೋಟುಗಳು. 1949ರಿಂದ ನಡೆಯುತ್ತಿರುವ ಹಳೆಯ ಕಂಪನಿಯೂ ಇದೆ. ಸಾಮಾನ್ಯವಾಗಿ ಒಂದು ತಾಸಿನ ಸುತ್ತು. ಐಫೆಲ್ ಗೋಪುರದ ಆಸುಪಾಸಿನಲ್ಲಿ ಹತ್ತಿ, ನೋತ್ರ್ ದಾಮ್ ಚರ್ಚ್ ಇರುವ ದ್ವೀಪ ಸುತ್ತಿ ವಾಪಸ್.

ಇಷ್ಟೆಲ್ಲ ಇದ್ದರೂ ನದಿ ಒಮ್ಮೊಮ್ಮೆ ಮಾತು ಕೇಳೋದಿಲ್ಲ. ಆಲ್ಮಾ ಸೇತುವೆಯ ಕಂಬಕ್ಕೆ ಒಬ್ಬ ಸಿಪಾಯಿಯ ಕಲ್ಲಿನ ಮೂರ್ತಿ ಇದೆ. ಪ್ಯಾರಿಸ್ ಜನ ಪ್ರವಾಹವನ್ನು ಅಳೆಯೋದು ಅವನ ಮೈಯಿಂದ. ನೀರು ಪಾದ ಮುಟ್ಟಿತಾ, ತೊಡೆಗೆ ಬಂತಾ? 1910ರ ದೊಡ್ಡ ಪ್ರವಾಹದಲ್ಲಿ ಭುಜದವರೆಗೂ ಬಂದಿತ್ತು. ಆಗ ಊರಿನ ಆಸ್ಟರ್‌ಲಿಟ್ಜ್ ಸೇತುವೆಯ ನೀರಿನ ಮಟ್ಟದ ಮಾಪಕದಲ್ಲಿ 8.62 ಮೀಟರ್. 2016ರ ಜೂನ್‌ನಲ್ಲಿ 6 ಮೀಟರ್ ದಾಟಿದಾಗ ಪ್ರವಾಸಿ ಬೋಟುಗಳೆಲ್ಲ ನಿಂತವು, ಯಾಕೆಂದರೆ ಬೋಟಿಗೂ ಸೇತುವೆಗೂ ನಡುವೆ ಜಾಗವೇ ಉಳಿದಿರಲಿಲ್ಲ. ನಮ್ಮಲ್ಲಿ 2020ರ ಅಕ್ಟೋಬರ್ ನೆನಪಿದೆಯಲ್ಲ? ಉಜನಿಯಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಒಮ್ಮೆಲೇ ಬಂದು ಹೊಳೆದಂಡೆಯ ಊರುಗಳು ನೀರಲ್ಲಿ ನಿಂತವು. ಅಂಥ ಹೊಳೆಗೆ ಕಟ್ಟೆ ಕಟ್ಟಬೇಕೆಂದರೆ ಅದು ಬಂಡೆ ಕಾಣುವ ಏಪ್ರಿಲ್‌ಗೂ ಹೊಂದಬೇಕು, ಸೇತುವೆ ಮುಳುಗುವ ಅಕ್ಟೋಬರ್‌ಗೂ ಹೊಂದಬೇಕು.

ಇನ್ನೊಂದು ಮಾತು ಸುಮ್ನೆ ಹೇಳಿಬಿಡುತ್ತೇನೆ. ಕಲಬುರಗಿ ಹೊಳೆ ದಂಡೆಯ ಊರೇ ಅಲ್ಲ, ಭೀಮಾ ಇಲ್ಲಿಂದ ಎಷ್ಟೋ ದೂರ. ಬಹಮನಿ ಸುಲ್ತಾನ ಫಿರೋಜ್ ಶಾಹ ಹೊಳೆ ದಂಡೆಗೇ ಹೋಗಿ ಫಿರೋಜಾಬಾದ್ ಅಂತ ಊರು ಕಟ್ಟಿಸಿದ. ಆ ಕಾಲಕ್ಕೆ ದೊಡ್ಡ ಅರಮನೆ ಪಟ್ಟಣ. ಈಗ ಕೋಟೆ ಗೋಡೆ, ಪಾಳು ಮಸೀದಿ ಉಳಿದಿವೆ. ಸುಲ್ತಾನನಿಗೂ ಸಂಜೆ ನದಿಯ ಗಾಳಿ ಬೇಕು ಅನ್ನಿಸಿರಬೇಕು! ಯಾದಗಿರಿಗೆ ಭೀಮಾ ಹತ್ತಿರ ಇದೆ, ಆದರೆ ನೀರಿನ ಎರಡೂ ಕಡೆ ಬೆಳಗುವ ಊರು ಅಲ್ಲಿಲ್ಲ. ಬೀದರ್ ಕಡೆಯವರ ಮಾಂಜ್ರಾದ ಕಥೆಯೂ ಹೆಚ್ಚುಕಡಿಮೆ ಇದೇ.

ಭೀಮಾದಲ್ಲಿ ಬೋಟೇ ಆಗೋದಿಲ್ಲ ಅಂತ ನಾನು ಹೇಳುತ್ತಿಲ್ಲ. ಬ್ಯಾರೇಜ್ ತುಂಬಿದ ಮೇಲೆ, ನವೆಂಬರ್‌ನಿಂದ ಜನವರಿವರೆಗೆ, ತೇಲುವ ಕಟ್ಟೆ ಹಾಕಿ, ತಳ ಚಪ್ಪಟೆ ಇರುವ ಸಣ್ಣ ಬೋಟು ಬಿಟ್ಟರೆ ಗಾಣಗಾಪುರಕ್ಕೆ ಬರುವ ಜನಕ್ಕೆ ಒಳ್ಳೆಯ ಸಂಜೆ ಸಿಗಬಹುದು. ಅದು ಮೂರು ತಿಂಗಳ ವ್ಯಾಪಾರ. ವರ್ಷವಿಡೀ ಬೇಕು ಅಂದರೆ ಕುಡಿಯುವ ನೀರನ್ನು ಬೋಟಿಗೆ ಅಂತ ಹಿಡಿದಿಡಬೇಕಾಗುತ್ತದೆ, ಅದಕ್ಕೆ ನಾನಂತೂ ಕೈ ಎತ್ತೋದಿಲ್ಲ.

ಸದ್ಯಕ್ಕೆ ನಮಗೆ ಹತ್ತಿರ ಇರೋದು ಹೈದರಾಬಾದ್‌ನ ಹುಸೇನ್ ಸಾಗರ. ಅದು ಹೊಳೆ ಅಲ್ಲ, 16ನೇ ಶತಮಾನದ ಕೆರೆ. ಆದರೂ ಸಂಜೆ ಬೋಟಿನಲ್ಲಿ ಕೂತರೆ ಸುತ್ತ ಊರಿನ ದೀಪ, ನಡುವೆ ಬುದ್ಧ. 1990ರಲ್ಲಿ ಆ ಮೂರ್ತಿಯನ್ನು ಸಾಗಿಸುವಾಗ ಬಾರ್ಜ್ ಮಗುಚಿ ಅದು ಕೆರೆಯ ತಳ ಸೇರಿತ್ತು, 1992ರಲ್ಲಿ ಮೇಲೆತ್ತಿ ನಿಲ್ಲಿಸಿದರು.

ಈಗ ಬೆಳಕಿನ ವಿಷಯ. ಅದೇ ದೀಪ ರಸ್ತೆಯಿಂದ ನೋಡಿದರೆ ಸಾಧಾರಣ, ಬೋಟಿನಿಂದ ನೋಡಿದರೆ ಬಾಯಿ ತೆರೆಯುವಷ್ಟು ಚಂದ. ಯಾಕೆ? ನೀರು ಕನ್ನಡಿಯ ಕೆಲಸ ಮಾಡೋದು ನೀವು ನೋಡುವ ಕೋನದ ಮೇಲೆ ನಿಂತಿದೆ. ಸೇತುವೆಯಿಂದ ನೇರ ಕೆಳಗೆ ನೋಡಿದರೆ ನೀರಿನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 2 ಪಾಲಷ್ಟೇ ವಾಪಸ್ ಬರುತ್ತದೆ, ಉಳಿದದ್ದು ಒಳಗೆ ಹೋಗುತ್ತದೆ. ನೋಟ ಓರೆಯಾದಷ್ಟೂ ವಾಪಸ್ ಬರುವ ಪಾಲು ಏರುತ್ತದೆ. ನೀರಿಗೆ 5 ಡಿಗ್ರಿಯಷ್ಟು ಓರೆಯಲ್ಲಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಬೆಳಕು ಕಣ್ಣಿಗೆ ಬರುತ್ತದೆ. ಬೋಟಿನಲ್ಲಿ ಕೂತವರ ಕಣ್ಣು ನೀರಿಗೆ ಹತ್ತಿರ ಇರುತ್ತದೆ, ದೂರದ ದೀಪ ನೀರಲ್ಲಿ ಕಾಣೋದು ಇಂಥ ಓರೆಯಲ್ಲೇ. ನೀರು ಕೆಂಪಗಿದೆಯಾ, ತಿಳಿಯಾಗಿದೆಯಾ ಅನ್ನೋದು ಇಲ್ಲಿ ದೊಡ್ಡ ಮಾತಲ್ಲ, ಬೆಳಕು ತಿರುಗೋದು ಮೇಲ್ಮೈಯಿಂದ.

ದೀಪದ ನೆರಳು ನೀರಲ್ಲಿ ಉದ್ದಕ್ಕೆ ಗೆರೆ ಎಳೆದ ಹಾಗೆ ಕಾಣುತ್ತದಲ್ಲ, ಅದು ಅಲೆಗಳ ಕೆಲಸ. ನೀರು ಪೂರ್ತಿ ನಿಂತಿದ್ದರೆ ಒಂದು ದೀಪಕ್ಕೆ ಒಂದೇ ಚುಕ್ಕೆ. ಸಣ್ಣ ಅಲೆ ಎದ್ದಾಗ ಪ್ರತಿಯೊಂದು ಅಲೆಯ ಮೈಯೂ ಬೇರೆಬೇರೆ ಕಡೆ ವಾಲುತ್ತದೆ. ನಿಮ್ಮಿಂದ ದೀಪದವರೆಗಿನ ದಾರಿಯಲ್ಲಿ ಸರಿಯಾದ ಕೋನಕ್ಕೆ ವಾಲಿದ ಅಲೆ ಎಲ್ಲೆಲ್ಲಿ ಸಿಗುತ್ತದೋ ಅಲ್ಲೆಲ್ಲ ಅದೇ ದೀಪ ಮತ್ತೆ ಮತ್ತೆ ಮಿನುಗುತ್ತದೆ. ಎಲ್ಲ ಸೇರಿ ಒಂದು ಉದ್ದ ಕಂಬ. ಬೋಟು ಅಲೆ ಎಬ್ಬಿಸಿದ ಕೂಡಲೇ ಆ ಕಂಬ ಮುರಿದು ಕುಣಿಯುತ್ತದೆ.

ಹೊತ್ತು ಆರಿಸಿಕೊಳ್ಳೋದು ಟಿಕೆಟ್‌ಗಿಂತ ಮುಖ್ಯ. ಪೂರ್ತಿ ಕತ್ತಲಾದ ಮೇಲೆ ಹೋದರೆ ಆಕಾಶ ಕಪ್ಪು, ಕಟ್ಟಡದ ಆಕಾರ ಕಾಣೋದಿಲ್ಲ, ಬರೀ ದೀಪದ ಚುಕ್ಕೆ. ಸೂರ್ಯ ಮುಳುಗಿದ ಮೇಲೆ ಸ್ವಲ್ಪ ಹೊತ್ತು ಆಕಾಶ ಗಾಢ ನೀಲಿ ಇರುತ್ತದೆ, ದೀಪಗಳೂ ಹತ್ತಿರುತ್ತವೆ. ಆ ಹೊತ್ತು ಬೋಟಿನ ಮೇಲೆ ಇರಬೇಕು. ಗೋವಾ, ಹೈದರಾಬಾದ್‌ನಲ್ಲಿ ಅದು ಅರ್ಧ ತಾಸೂ ಇರೋದಿಲ್ಲ, ನಮ್ಮ ಕಡೆ ಕತ್ತಲು ಬೇಗ ಇಳಿಯುತ್ತದೆ. ಆದ್ದರಿಂದ ಸೂರ್ಯ ಮುಳುಗುವ ಹೊತ್ತಿಗೆ ಹೊರಡುವ ಬೋಟು ಒಳ್ಳೆಯದು. ಪ್ಯಾರಿಸ್‌ಗೆ ಜೂನ್‌ನಲ್ಲಿ ಹೋಗುವವರು ಇನ್ನೂ ಹುಷಾರಾಗಿರಬೇಕು. ಅಲ್ಲಿ ಆಗ ಸೂರ್ಯ ಮುಳುಗೋದೇ ರಾತ್ರಿ 10ರ ಸುಮಾರಿಗೆ. ಏಳು ಗಂಟೆಯ ಬೋಟು ಹತ್ತಿದರೆ ಕಣ್ಣಿಗೆ ಬಿಸಿಲು ಬಡಿಯುತ್ತದೆ, ದೀಪ ಒಂದೂ ಇರೋದಿಲ್ಲ. ಡಿಸೆಂಬರ್‌ನಲ್ಲಿ ಐದು ಗಂಟೆಗೇ ಕತ್ತಲು ಶುರು. ಐಫೆಲ್ ಗೋಪುರದ 20 ಸಾವಿರ ಬಲ್ಬುಗಳು ಕತ್ತಲಾದ ಮೇಲೆ ಗಂಟೆ ಗಂಟೆಗೆ ಸರಿಯಾಗಿ 5 ನಿಮಿಷ ಮಿನುಗುತ್ತವೆ. ಹೊರಡುವ ಸಮಯ ನೋಡಿಕೊಂಡು, ಆ ಹೊತ್ತಿಗೆ ಬೋಟು ಗೋಪುರದ ಹತ್ತಿರ ಇರುತ್ತದಾ ಅಂತ ಕೇಳಿಯೇ ಟಿಕೆಟ್ ತೆಗೆಯಿರಿ.

ಫೋಟೊಕ್ಕೆ ಫ್ಲ್ಯಾಷ್ ಆರಿಸಿಬಿಡಿ. ಅದು ಮುಂದೆ ಕೂತವರ ತಲೆ ಬೆಳಗಿಸುತ್ತದೆ ಅಷ್ಟೇ. ರಾತ್ರಿ ಮೋಡ್‌ನಲ್ಲಿ ಫೋನು ಒಂದೆರಡು ಸೆಕೆಂಡ್ ಬೆಳಕು ಕೂಡಿಸುತ್ತದೆ, ಬೋಟು ಅಷ್ಟರಲ್ಲಿ ಸರಿದಿರುತ್ತದೆ, ಚಿತ್ರ ಕದಡುತ್ತದೆ. ವಿಡಿಯೊ ಮಾಡೋದೇ ವಾಸಿ. ಗಾಜಿನ ಬೋಟಾದರೆ ಫೋನನ್ನು ಗಾಜಿಗೆ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ನಿಮ್ಮ ಮುಖವೇ ಬರುತ್ತದೆ.

ಕೊನೆಗೆ, ಬೋಟು ಯಾಕೆ ಮಗುಚುತ್ತದೆ ಅನ್ನೋದನ್ನು ತಿಳಿದುಕೊಂಡೇ ಹತ್ತಬೇಕು. ಬೋಟಿನ ಭಾರ ಕೆಳಗಿದ್ದಷ್ಟೂ ಅದು ವಾಲಿದರೂ ಮತ್ತೆ ನೆಟ್ಟಗಾಗುತ್ತದೆ. ಜನ ಎಲ್ಲ ಮೇಲಿನ ಅಂತಸ್ತಿಗೆ ಹತ್ತಿದರೆ ಭಾರ ಮೇಲೇರುತ್ತದೆ. ಆಮೇಲೆ ಯಾವುದೋ ಸೇತುವೆ ಬಂತು ಅಂತ ಎಲ್ಲರೂ ಒಂದೇ ಕಡೆ ಓಡಿದರೆ ಬೋಟು ಆ ಕಡೆ ವಾಲುತ್ತದೆ, ಒಂದು ಮಿತಿ ದಾಟಿದರೆ ವಾಪಸ್ ಬರೋದಿಲ್ಲ. ಕೇರಳದ ತಾನೂರಿನಲ್ಲಿ 2023ರ ಮೇ 7ರ ಸಂಜೆ 22 ಜನ ಸತ್ತರು, ಹೆಚ್ಚಿನವರು ಮಕ್ಕಳು. ಮೀನುಗಾರಿಕೆಯ ದೋಣಿಯನ್ನು ಬದಲಿಸಿ ಮಾಡಿದ ಎರಡು ಅಂತಸ್ತಿನ ಬೋಟು, ಮಿತಿ ಮೀರಿದ ಜನ, ಕತ್ತಲಾಗುವ ಹೊತ್ತು. ಬುಡಾಪೆಸ್ಟ್‌ನಲ್ಲಿ 2019ರ ಮೇ 29ರ ರಾತ್ರಿ, ಮಳೆಯಲ್ಲಿ, ಸೇತುವೆಯ ಕೆಳಗೆ ದೊಡ್ಡ ಹಡಗೊಂದು ಸಣ್ಣ ಪ್ರವಾಸಿ ಬೋಟಿಗೆ ಗುದ್ದಿತು. ಒಳಗಿದ್ದ 35 ಜನರಲ್ಲಿ ಬದುಕಿದವರು 7. ಅಷ್ಟು ಬೆಳಗುವ ಊರಿನ ನಡುವೆ.

ನಮ್ಮ ದೇಶದಲ್ಲಿ 2021ರ ಒಳನಾಡು ಹಡಗು ಕಾಯ್ದೆ ಪ್ರಕಾರ ಯಂತ್ರದಿಂದ ನಡೆಯುವ ಇಂಥ ಬೋಟಿಗೆ ನೋಂದಣಿ ಮತ್ತು ತಪಾಸಣೆಯ ಪ್ರಮಾಣಪತ್ರ ಬೇಕು. ಎಷ್ಟು ಜನ ಹತ್ತಬಹುದು ಅಂತ ಬೋಟಿನ ಮೇಲೆ ಬರೆದಿದೆಯಾ ನೋಡಿ, ಬರೆದಿದ್ದರೆ ಕಣ್ಣಳತೆಯಲ್ಲಿ ತಲೆ ಎಣಿಸಿ. ಕತ್ತಲಲ್ಲಿ ಬೋಟಿನ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ ದೀಪ ಉರಿಯಬೇಕು, ಎದುರಿನವರಿಗೆ ಇದು ಯಾವ ಕಡೆ ಹೋಗುತ್ತಿದೆ ಅಂತ ತಿಳಿಯೋದು ಅದರಿಂದಲೇ. ಡಿಸ್ಕೊ ದೀಪ ಎಷ್ಟಿದ್ದರೂ ಈ ಮೂರು ಇಲ್ಲದಿದ್ದರೆ ಆ ಬೋಟು ಬೇಡ. ಲೈಫ್ ಜಾಕೆಟ್ ಎಲ್ಲಿದೆ ಕೇಳಿ, ಮಕ್ಕಳ ಅಳತೆಯದ್ದೂ ಇದೆಯಾ ಕೇಳಿ. "ಏನ್ ಆಗಂಗಿಲ್ ಬರ‍್ರಿ" ಅಂತ ಉತ್ತರ ಬಂದರೆ ಟಿಕೆಟ್ ದುಡ್ಡು ಹೋದರೂ ಪರವಾಗಿಲ್ಲ, ಮನೆಯವರನ್ನು ಕರೆದುಕೊಂಡು ದಂಡೆಯ ಮೇಲೇ ಒಂದು ಸುತ್ತು ನಡೆಯಿರಿ.